ಮಂದಗಾಮಿ ಎಂಬ ಮೂರು ಅಂಕದ ಪ್ರಶ್ನೆ: ಪಠ್ಯಪುಸ್ತಕ ಬರೆಯುವವರಿಗೊಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಪ್ರೌಢಶಾಲಾ ಸಮಾಜ ವಿಜ್ಞಾನ ಪಠ್ಯಪುಸ್ತಕಗಳ ರಚನೆ ಹಾಗೂ ಪರಿಷ್ಕರಣೆಯ ಹೊಣೆ ಹೊತ್ತವರು

ವಿಷಯ: ಗೋಪಾಲಕೃಷ್ಣ ಗೋಖಲೆಯವರನ್ನು ಮಕ್ಕಳಿಗೆ ಪರಿಚಯಿಸುವ ಕ್ರಮದ ಬಗ್ಗೆ

ಮಾನ್ಯರೆ,

ಪ್ರೌಢಶಾಲೆಯ ಮಕ್ಕಳ ಕೈಯಲ್ಲಿರುವ ನೋಟ್ಸು, ಗೈಡುಗಳಲ್ಲಿ ಒಂದು ಕೋಷ್ಟಕ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸ್ವಾತಂತ್ರ್ಯ ಹೋರಾಟದ ಕಾಲದ ಕಾಂಗ್ರೆಸ್ಸಿನ ಎರಡು ಬಣಗಳದ್ದು ಅದು. ಎಡಗಡೆ ಮಂದಗಾಮಿಗಳು, ಬಲಗಡೆ ತೀವ್ರಗಾಮಿಗಳು. ಎಡಕ್ಕೆ ಪ್ರಾರ್ಥನೆ, ಮನವಿ, ನಿಯೋಗ. ಬಲಕ್ಕೆ ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ. ಎಡಕ್ಕೆ ‘ಬ್ರಿಟಿಷರ ನ್ಯಾಯಬುದ್ಧಿಯಲ್ಲಿ ನಂಬಿಕೆ’, ಬಲಕ್ಕೆ ‘ನಂಬಿಕೆಯಿಲ್ಲ’. ಗೋಖಲೆ ಎಡಕ್ಕೆ, ತಿಲಕರು ಬಲಕ್ಕೆ. ಇಷ್ಟನ್ನು ಬಾಯಿಪಾಠ ಮಾಡಿ ಬರೆದ ಮಗುವಿಗೆ ಪೂರ್ತಿ ಅಂಕ ಸಿಗುತ್ತದೆ. ಗೋಖಲೆ ದಿನ ಬೆಳಗಾದರೆ ಏನು ಕೆಲಸ ಮಾಡುತ್ತಿದ್ದರು ಎಂದು ಅದೇ ಮಗುವನ್ನು ಕೇಳಿ ನೋಡಿ. ‘ಅರ್ಜಿ ಬರೀತಿದ್ರು ಸಾರ್’ ಎನ್ನುತ್ತದೆ. ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಆ ಅರ್ಜಿಯಲ್ಲಿ ಏನಿತ್ತು ಎಂಬುದನ್ನು ನಮ್ಮ ಪಾಠಗಳು ಬಿಚ್ಚಿ ತೋರಿಸುವುದೇ ಇಲ್ಲ. ನಮ್ಮ ತಕರಾರು ಇರುವುದು ಅಲ್ಲಿ.

ತೊಡಕು ಹೆಸರಿನಿಂದಲೇ ಶುರು. ‘ಮಂದಗಾಮಿ’ ಎಂದರೆ ನಿಧಾನ ನಡಿಗೆಯವನು. ಇಂಗ್ಲಿಷಿನ ‘ಮಾಡರೇಟ್’ ಪದಕ್ಕೆ ನಡಿಗೆಯ ವೇಗದ ಜೊತೆ ಏನೂ ಸಂಬಂಧವಿಲ್ಲ. ಹದ, ಮಿತಿ ಎಂಬುದು ಅದರ ಅರ್ಥ. ಕನ್ನಡದಲ್ಲಿ ‘ಮಂದ’ ಎಂದ ಕೂಡಲೇ ಮಂದಬುದ್ಧಿ, ಮಂದ ಬೆಳಕು ನೆನಪಾಗುತ್ತವೆ. ಹದಿನೈದರ ಹುಡುಗ ಈ ಹೆಸರು ಕೇಳಿಯೇ ಅರ್ಧ ತೀರ್ಪು ಕೊಟ್ಟುಬಿಡುತ್ತಾನೆ. (ಶನಿಗೂ ಮಂದ ಎಂಬ ಹೆಸರಿದೆ. ಎರಡೂವರೆ ವರ್ಷ ಒಂದೇ ಮನೆಯಲ್ಲಿ ಕೂತರೂ ಅವನನ್ನು ಯಾರೂ ಹಗುರವಾಗಿ ಕಾಣುವುದಿಲ್ಲ, ಆ ಮಾತು ಬೇರೆ.) ಪದವನ್ನು ಕಿತ್ತುಹಾಕಿ ಎಂದು ನಾವು ಕೇಳುತ್ತಿಲ್ಲ, ಅದು ಬೇರೂರಿಬಿಟ್ಟಿದೆ. ಮೊದಲ ಸಲ ಬರುವಲ್ಲಿ ‘ಸೌಮ್ಯವಾದಿ’ ಎಂದೂ ಬರೆದು, ಈ ಹೆಸರು ಎಲ್ಲಿಂದ ಬಂತೆಂದು ಒಂದು ಸಾಲು ಸೇರಿಸಿದರೆ ಸಾಕು.

ಇನ್ನು ಕೆಲಸದ ವಿಚಾರ. ಗೋಖಲೆ 1866ರ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋಟ್ಲುಕ್‌ನಲ್ಲಿ ಹುಟ್ಟಿದರು. ನಿಪ್ಪಾಣಿ ದಾಟಿ ಕೊಲ್ಲಾಪುರದ ಕಡೆ ಹೋಗುವಾಗ ಸಿಗುವ ಕಾಗಲ್‌ನಲ್ಲಿ, ಆಮೇಲೆ ಕೊಲ್ಲಾಪುರದಲ್ಲಿ ಓದಿದರು. 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಪದವಿ ಪಡೆದು ಪುಣೆಯಲ್ಲಿ ಮೇಷ್ಟ್ರಾದರು. ಡೆಕ್ಕನ್ ಎಜುಕೇಷನ್ ಸೊಸೈಟಿಯ ಆಜೀವ ಸದಸ್ಯರೆಂದರೆ ಇಪ್ಪತ್ತು ವರ್ಷ ಅಲ್ಪ ಸಂಬಳಕ್ಕೆ ಪಾಠ ಹೇಳುತ್ತೇವೆಂದು ಕರಾರು ಮಾಡಿಕೊಂಡವರು. ಗೋಖಲೆ ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ, ಯಾವುದು ಒಪ್ಪಿಸಿದರೆ ಅದನ್ನು ಕಲಿಸಿದರು. ಶಾಲೆಗಳಿಗಾಗಿ ಒಂದು ಅಂಕಗಣಿತದ ಪುಸ್ತಕವನ್ನೂ ಬರೆದರು. ಈ ಕೊನೆಯ ಸಂಗತಿಯನ್ನು ದಯವಿಟ್ಟು ಪಾಠದಲ್ಲಿ ಸೇರಿಸಿ, ಏಕೆಂದರೆ ಮುಂದಿನದ್ದೆಲ್ಲ ಅಂಕಗಣಿತವೇ.

1902ರ ಮಾರ್ಚ್ 26ರಂದು ಕಲ್ಕತ್ತೆಯ ವೈಸರಾಯ್ ಶಾಸನಸಭೆಯಲ್ಲಿ ಅವರು ಮೊದಲ ಬಜೆಟ್ ಭಾಷಣ ಮಾಡಿದರು. ಆ ಸಭೆಯ ಕಟ್ಟುಪಾಡು ಹೇಗಿತ್ತೆಂದು ಮಕ್ಕಳಿಗೆ ಗೊತ್ತಾಗದೆ ಭಾಷಣದ ಬೆಲೆ ಗೊತ್ತಾಗುವುದಿಲ್ಲ. 1892ರ ಕಾಯಿದೆಯ ಪ್ರಕಾರ ಸದಸ್ಯರು ಬಜೆಟ್ ಬಗ್ಗೆ ಮಾತಾಡಬಹುದು, ಮುಂಗಡ ಸೂಚನೆ ಕೊಟ್ಟು ಪ್ರಶ್ನೆ ಕೇಳಬಹುದು. ಬಂದ ಉತ್ತರದ ಮೇಲೆ ಉಪಪ್ರಶ್ನೆ ಎತ್ತುವಂತಿಲ್ಲ. ಬಜೆಟ್ಟಿಗೆ ಮತದಾನವೇ ಇಲ್ಲ. ಎಷ್ಟೇ ಚೆನ್ನಾಗಿ ಮಾತಾಡಿದರೂ ಆ ವರ್ಷದ ಲೆಕ್ಕದಲ್ಲಿ ಒಂದು ಪೈ ಅತ್ತಿತ್ತ ಆಗುವುದಿಲ್ಲ. ಸಭೆಯಲ್ಲಿ ಅಧಿಕಾರಿಗಳದ್ದೇ ಬಹುಮತ. ಇಂಥ ಕಡೆ ಕೂಗಾಡಿ ಫಲವಿಲ್ಲ. ಉಳಿದದ್ದು ಒಂದೇ ದಾರಿ, ಸರ್ಕಾರವೇ ಅಚ್ಚು ಹಾಕಿಸಿದ ಅಂಕಿಗಳಿಂದ ಸರ್ಕಾರದ ಮಾತನ್ನು ಸುಳ್ಳು ಮಾಡುವುದು. ಆ ಅಂಕಿಗಳನ್ನು ಹೆಕ್ಕಿ ಜೋಡಿಸುವುದರಲ್ಲಿ ಅವರಿಗೆ ನೆರವಾದವರು ಗಣೇಶ ವೆಂಕಟೇಶ ಜೋಶಿ. ಅವರೂ ಶಾಲಾ ಮೇಷ್ಟ್ರೇ.

ಆ ವರ್ಷ ಬಜೆಟ್ಟಿನಲ್ಲಿ ಏಳು ಕೋಟಿ ರೂಪಾಯಿ ಮಿಗತೆ ಇತ್ತು. ಸಭೆಯಲ್ಲಿ ಹಣಕಾಸು ಸದಸ್ಯರಿಗೆ ಅಭಿನಂದನೆಗಳ ಸುರಿಮಳೆ. ಈ ಅಭಿನಂದನೆಯಲ್ಲಿ ಮನಸ್ಸಾಕ್ಷಿಯಿಂದ ಸೇರಿಕೊಳ್ಳಲಾರೆ ಎಂದೇ ಗೋಖಲೆ ಶುರುಮಾಡಿದರು. ಬೆನ್ನುಬೆನ್ನಿಗೆ ಎರಡು ಬರಗಾಲ ಕಂಡ ದೇಶದಲ್ಲಿ ಖಜಾನೆ ತುಂಬಿ ತುಳುಕುವುದು ಹೇಗೆ? ಅವರು ತೋರಿಸಿದ ಗುಟ್ಟು ಇದು. ಭಾರತ ಸರ್ಕಾರ ಇಂಗ್ಲೆಂಡಿಗೆ ಪ್ರತಿವರ್ಷ ಪೌಂಡಿನಲ್ಲಿ ಹಣ ಕಳಿಸಬೇಕಿತ್ತು. ಪಿಂಚಣಿ, ಸಾಲದ ಬಡ್ಡಿ, ಲಂಡನ್ ಕಚೇರಿಯ ಖರ್ಚು ಇತ್ಯಾದಿ. 1890ರ ದಶಕದ ನಡುವೆ ಬೆಳ್ಳಿ ಅಗ್ಗವಾಗಿ, ಬೆಳ್ಳಿ ನಾಣ್ಯವಾದ ರೂಪಾಯಿ ಸುಮಾರು 13 ಪೆನ್ಸಿಗೆ ಇಳಿದಿತ್ತು. ಆ ನಷ್ಟ ತುಂಬಲೆಂದು ತೆರಿಗೆಗಳನ್ನು ಏರಿಸಿದ್ದರು. ಜನ ತಂದ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದಕ್ಕೆ 1893ರಲ್ಲೇ ಟಂಕಸಾಲೆ ಮುಚ್ಚಿದ್ದರು. ಮುಂದೆ ನಾಣ್ಯ ನೀತಿ ಬದಲಿಸಿ, ರೂಪಾಯಿಯನ್ನು 16 ಪೆನ್ಸಿಗೆ ಎತ್ತಿ ನಿಲ್ಲಿಸಿದರು. ನಷ್ಟ ಹೋಯಿತು, ಅದಕ್ಕಾಗಿ ಹಾಕಿದ ತೆರಿಗೆ ಮಾತ್ರ ಉಳಿಯಿತು.

ಇದನ್ನು ಮಕ್ಕಳಿಗೆ ಕರಿಹಲಗೆಯ ಮೇಲೆ ಮಾಡಿ ತೋರಿಸಬಹುದು. ಒಂದು ಪೌಂಡಿಗೆ 240 ಪೆನ್ಸ್. ರೂಪಾಯಿಗೆ 13 ಪೆನ್ಸ್ ಇದ್ದಾಗ ಒಂದು ಪೌಂಡ್ ಕೊಳ್ಳಲು 18 ರೂಪಾಯಿ 7 ಆಣೆ ಬೇಕು (ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ). 16 ಪೆನ್ಸ್ ಆದಾಗ ಸರಿಯಾಗಿ 15 ರೂಪಾಯಿ. ಅಂದರೆ ಒಂದು ಕೋಟಿ ಪೌಂಡ್ ಕಳಿಸುವಲ್ಲಿ ಸುಮಾರು ಮೂರೂವರೆ ಕೋಟಿ ರೂಪಾಯಿ ಉಳಿಯಿತು. ಕಳಿಸುತ್ತಿದ್ದದ್ದು ವರ್ಷಕ್ಕೆ ಒಂದೂವರೆ ಕೋಟಿ ಪೌಂಡಿಗೂ ಹೆಚ್ಚು. ಮಿಗತೆ ಎಲ್ಲಿಂದ ಬಂತೆಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಉಪ್ಪಿನ ತೆರಿಗೆಯ ಲೆಕ್ಕ ಇನ್ನೂ ಸಲೀಸು. 1888ರಿಂದ ಒಂದು ಮಣ ಉಪ್ಪಿಗೆ ಎರಡೂವರೆ ರೂಪಾಯಿ ತೆರಿಗೆ. ಮಣಕ್ಕೆ 40 ಸೇರು, ಎರಡೂವರೆ ರೂಪಾಯಿಗೆ 40 ಆಣೆ. ಸೇರಿಗೆ ಒಂದು ಆಣೆ ಬಿತ್ತು. ಕಡಲ ತೀರದ ಬೆಸ್ತರವಳೂ ಆ ಒಂದಾಣೆ ಕೊಡಬೇಕು, ಮುಂಬಯಿಯ ಗಿರಣಿ ಮಾಲೀಕನೂ ಅದೇ ಒಂದಾಣೆ ಕೊಡಬೇಕು. ತೆರಿಗೆ ಏರಿಸಿದಾಗ ಜನ ಉಪ್ಪು ತಿನ್ನುವುದನ್ನೇ ಕಡಿಮೆ ಮಾಡುತ್ತಾರೆ, ಇಳಿಸಿದರೆ ಬಳಕೆ ಏರಿ ಖಜಾನೆಗೂ ಒಂದಿಷ್ಟು ಮರಳಿ ಬರುತ್ತದೆ ಎಂಬುದು ಗೋಖಲೆಯವರ ವಾದ. 1903ರಲ್ಲಿ ತೆರಿಗೆ 2 ರೂಪಾಯಿಗೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ 1 ರೂಪಾಯಿಗೆ ಇಳಿಯಿತು. ಸೇರಿಗೆ ಒಂದಾಣೆ ಇದ್ದದ್ದು ಐದು ಪೈಗಿಂತ ತುಸು ಕಡಿಮೆ ಆಯಿತು. 1903ರಲ್ಲೇ ಆದಾಯ ತೆರಿಗೆಯ ಕೆಳಮಿತಿಯೂ ವರ್ಷಕ್ಕೆ 500ರಿಂದ 1000 ರೂಪಾಯಿಗೆ ಏರಿತು.

ಇದೆಲ್ಲ ಗೋಖಲೆಯವರೊಬ್ಬರಿಂದಲೇ ಆಯಿತೆಂದು ಬರೆದರೆ ಅದೂ ತಪ್ಪು ಪಾಠವೇ. ವರ್ಷವರ್ಷ ಮಿಗತೆ ಕೂಡುತ್ತಿದ್ದಾಗ ವೈಸರಾಯ್ ಕರ್ಜನ್ ಸರ್ಕಾರಕ್ಕೆ ತೆರಿಗೆ ಇಳಿಸಲು ತನ್ನದೇ ಕಾರಣಗಳಿದ್ದವು. ಆದರೆ ಯಾವ ತೆರಿಗೆ ಮೊದಲು ಇಳಿಯಬೇಕು, ಏಕೆ ಎಂಬುದನ್ನು ವರ್ಷಕ್ಕೊಮ್ಮೆ, ಬಿಡದೆ, ಅಂಕಿ ಸಮೇತ ಹೇಳುತ್ತಾ ಬಂದವರಲ್ಲಿ ಅವರು ಮುಂದಿದ್ದರು. ಕೋಷ್ಟಕದ ‘ಪ್ರಾರ್ಥನೆ, ಮನವಿ’ ಎಂಬ ಎರಡು ಪದಗಳ ಒಳಗೆ ಇದೆಲ್ಲ ಅಡಗಿದೆ.

ಸಿಟ್ಟೇ ಬಾರದ ಮನುಷ್ಯ ಎಂಬ ಚಿತ್ರವೂ ಸರಿಯಲ್ಲ. 1901ರಲ್ಲಿ ಮುಂಬಯಿ ಶಾಸನಸಭೆಗೆ ಭೂಕಂದಾಯ ಕಾಯಿದೆಯ ತಿದ್ದುಪಡಿ ಬಂತು. ಕಂದಾಯ ಕಟ್ಟಲಾಗದೆ ಸರ್ಕಾರದ ವಶವಾದ ಜಮೀನನ್ನು ರೈತನಿಗೆ ಮರಳಿ ಕೊಡುವಾಗ, ಮಾರುವ ಅಥವಾ ಒತ್ತೆಯಿಡುವ ಹಕ್ಕಿಲ್ಲದೆ ಕೊಡಲು ಅದು ದಾರಿ ಮಾಡಿತ್ತು. ಫಿರೋಜ್‌ಷಾ ಮೆಹ್ತಾ, ಗೋಖಲೆ ಮುಂತಾದವರು ಸಭಾತ್ಯಾಗ ಮಾಡಿದರು. ಧಾರವಾಡ, ಬೆಳಗಾವಿ, ಬಿಜಾಪುರ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ನಮ್ಮ ರೈತರ ಹೊಲದ ಮೇಲೆ ಬೀಳುವ ಕಾಯಿದೆ ಅದು. ವಿಧಾನಸಭೆಯ ಸಭಾತ್ಯಾಗವನ್ನು ಟಿವಿಯಲ್ಲಿ ನೋಡುವ ಮಕ್ಕಳಿಗೆ ಇದನ್ನು ಹೇಳಲು ಎರಡು ಸಾಲು ಸಾಲದೇ? 1905ರ ಬನಾರಸ್ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಿಂದ ಕರ್ಜನ್ನನ ಆಡಳಿತವನ್ನು ಔರಂಗಜೇಬನ ಆಡಳಿತಕ್ಕೆ ಹೋಲಿಸಿದವರೂ ಇವರೇ. ಬಂಗಾಳದವರು ಕೈಗೆತ್ತಿಕೊಂಡ ಬ್ರಿಟಿಷ್ ಸರಕಿನ ಬಹಿಷ್ಕಾರವನ್ನು, ಕಡೆಯ ಅಸ್ತ್ರವೆಂದು ಎಚ್ಚರಿಸಿಯೇ, ಸಮರ್ಥಿಸಿದರು. ಕೋಷ್ಟಕದ ನಡುವಿನ ಗೆರೆ ಆ ಕಾಲದಲ್ಲಿ ಅಷ್ಟು ನೇರವಾಗಿರಲಿಲ್ಲ.

ಈಗ ನಮಗೆ ತೀರಾ ಮುಖ್ಯವೆನಿಸುವ ಸಂಗತಿ, 1911ರ ಪ್ರಾಥಮಿಕ ಶಿಕ್ಷಣ ಮಸೂದೆ. 1911ರ ಜನಗಣತಿಯಂತೆ ಓದು ಬರಹ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ. ಮಾರ್ಚ್ 16ರಂದು ಗೋಖಲೆ ಮಂಡಿಸಿದ ಮಸೂದೆಯ ಕಲಮುಗಳನ್ನು ಓದಿದರೆ ಒಬ್ಬ ಸೌಮ್ಯವಾದಿ ಹೇಗೆ ಯೋಚಿಸುತ್ತಾನೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಕಡ್ಡಾಯ ಶಿಕ್ಷಣವನ್ನು ಇಡೀ ದೇಶದ ಮೇಲೆ ಒಮ್ಮೆಲೇ ಹೇರಲಿಲ್ಲ. ಪುರಸಭೆಯೋ ಜಿಲ್ಲಾ ಬೋರ್ಡೋ ಬೇಕೆಂದರೆ ತನ್ನ ಎಲ್ಲೆಯೊಳಗೆ ತರಬಹುದು, ಅದೂ ಸರ್ಕಾರದ ಮಂಜೂರಾತಿ ಪಡೆದು. ಆ ಊರಿನ ಮಕ್ಕಳಲ್ಲಿ ಇಷ್ಟು ಪಾಲು ಆಗಲೇ ಶಾಲೆಗೆ ಬರುತ್ತಿರಬೇಕು ಎಂಬ ಷರತ್ತು ಬೇರೆ. ಹಿಂದಿನ ವರ್ಷದ ನಿರ್ಣಯದಲ್ಲಿ ಅವರು ಸೂಚಿಸಿದ್ದ ಪ್ರಮಾಣ ನೂರಕ್ಕೆ 33. ಮೊದಲು 6ರಿಂದ 10 ವರ್ಷದ ಗಂಡುಮಕ್ಕಳಿಗೆ, ಮುಂದೆ ಹೆಣ್ಣುಮಕ್ಕಳಿಗೂ ವಿಸ್ತರಿಸಲು ಅವಕಾಶ. ತಿಂಗಳಿಗೆ 10 ರೂಪಾಯಿ ಮೀರದ ಆದಾಯದವರ ಮಕ್ಕಳಿಗೆ ಫೀಸಿಲ್ಲ. ಒಂದು ಮೈಲಿಯೊಳಗೆ ಶಾಲೆ ಇಲ್ಲದಿದ್ದರೆ, ಕಾಯಿಲೆಯಾದರೆ, ಸುಗ್ಗಿಯಲ್ಲಿ ಹೊಲದ ಕೆಲಸವಿದ್ದರೆ ವಿನಾಯಿತಿ. ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದ್ದು ಎಂಬ ಎಣಿಕೆ. ಬೇಕಾದರೆ ಶಿಕ್ಷಣಕ್ಕೆಂದೇ ಕರ ಹಾಕುವ ಅಧಿಕಾರ.

ಎದುರಾಳಿ ಎಲ್ಲೆಲ್ಲಿ ಆಕ್ಷೇಪ ಎತ್ತಬಹುದೋ ಅಲ್ಲೆಲ್ಲ ಮೊದಲೇ ಒಂದು ಕಲಮು ಹಾಕಿ ಬಾಗಿಲು ಮುಚ್ಚಿದ್ದರು. ಆದರೂ ಬಿತ್ತು. ಪ್ರಾಂತ್ಯ ಸರ್ಕಾರಗಳು ಬೇಡವೆಂದವು. ಹಣವಿಲ್ಲ ಎಂದರು, ಜನ ಕಡ್ಡಾಯವನ್ನು ಒಪ್ಪುವುದಿಲ್ಲ ಎಂದರು. ಭಾರತೀಯ ಸದಸ್ಯರೆಲ್ಲ ಜೊತೆಗಿರಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. 1912ರ ಮಾರ್ಚ್ 19ರಂದು ಮತಕ್ಕೆ ಹಾಕಿದಾಗ ಪರವಾಗಿ 13, ವಿರುದ್ಧ 38. ಸಂಜೆಯೊಳಗೆ ಮಸೂದೆ ಬಿದ್ದುಹೋಗುತ್ತದೆಂದು ಗೊತ್ತಿದ್ದೇ ಅವರು ಉತ್ತರ ಕೊಟ್ಟರು. ನಮ್ಮ ತಲೆಮಾರಿನವರು ಸೋಲಿನಿಂದಲೇ ದೇಶಸೇವೆ ಮಾಡಬೇಕಾದವರು, ಗೆದ್ದು ಸೇವೆ ಮಾಡುವ ಭಾಗ್ಯವಂತರು ಮುಂದೆ ಬರುತ್ತಾರೆ ಎಂಬರ್ಥದ ಮಾತಾಡಿದ್ದು ಆಗಲೇ.

ಸೋತ ಮಸೂದೆ ಕಸದ ಬುಟ್ಟಿ ಸೇರಲಿಲ್ಲ. ಬರೋಡದ ಸಯಾಜಿರಾವ್ ಮಹಾರಾಜರು ಇವರಿಗಿಂತ ಮೊದಲೇ ತಮ್ಮ ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣ ತಂದಿದ್ದರು. ಗೋಖಲೆ ಅದನ್ನೇ ಉದಾಹರಣೆಯಾಗಿ ತೋರಿಸುತ್ತಿದ್ದರು. ಕಲ್ಕತ್ತೆಯಲ್ಲಿ ಮಸೂದೆ ಬಿದ್ದ ಮರುವರ್ಷವೇ, 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ತಂದಿತು. 1918ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಠ್ಠಲಭಾಯಿ ಪಟೇಲರ ಕಾಯಿದೆ ಬಂತು. 2009ರ ಶಿಕ್ಷಣ ಹಕ್ಕು ಕಾಯಿದೆಯ ನಿಯಮಗಳಲ್ಲಿ ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಎಂದಿದೆ. ಗೋಖಲೆಯವರ ಒಂದು ಮೈಲಿಯ ಪಕ್ಕ ಇದನ್ನಿಟ್ಟು ನೋಡಿ. ಅಲ್ಲಿ ಶಾಲೆ ದೂರವಿದ್ದರೆ ತಂದೆಗೆ ವಿನಾಯಿತಿ, ಇಲ್ಲಿ ಶಾಲೆ ಹತ್ತಿರವಿಡುವುದು ಸರ್ಕಾರದ ಹೊಣೆ. ಈ ವ್ಯತ್ಯಾಸವನ್ನು ಪತ್ತೆಮಾಡಿದ ಮಗು ಇತಿಹಾಸವನ್ನೂ ಪೌರನೀತಿಯನ್ನೂ ಒಟ್ಟಿಗೆ ಕಲಿತಂತೆ. ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಭಾಗಗಳಲ್ಲಿ ದೂರ ದೂರ ಕೂತಿವೆ.

ಹೊಗಳಿಕೆಯ ಪಾಠವನ್ನು ನಾವು ಕೇಳುತ್ತಿಲ್ಲ. 1897ರಲ್ಲಿ ಪುಣೆಯ ಪ್ಲೇಗಿನ ಸಮಯದಲ್ಲಿ ಇಂಗ್ಲೆಂಡಿನಲ್ಲಿದ್ದ ಗೋಖಲೆ, ಊರಿನಿಂದ ಬಂದ ಕಾಗದಗಳನ್ನು ನಂಬಿ, ಪ್ಲೇಗ್ ತಪಾಸಣೆಗೆ ಬಂದ ಬ್ರಿಟಿಷ್ ಸೋಲ್ಜರರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದರೆಂದು ಪತ್ರಿಕೆಗೆ ಹೇಳಿದರು. ಮರಳಿ ಬಂದಾಗ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಅವರು ಬಹಿರಂಗವಾಗಿ, ಷರತ್ತಿಲ್ಲದೆ ಕ್ಷಮೆ ಕೇಳಿದರು. ಹೇಡಿತನ ಎಂದವರಿದ್ದರು. ರುಜುವಾತು ಕೈಯಲ್ಲಿಲ್ಲದ ಮಾತನ್ನು ಹಿಂತೆಗೆದುಕೊಳ್ಳುವುದೇ ಸರಿಯೆಂದವರೂ ಇದ್ದರು. ತರಗತಿಯಲ್ಲಿ ವಾದ ಮಾಡಿಸಲು ಇದಕ್ಕಿಂತ ಒಳ್ಳೆಯ ವಿಷಯ ಸಿಗದು. ಮುಂದಿನ ಹದಿನೈದು ವರ್ಷ ಅಂಕಿ ಹಿಡಿಯದೆ ಅವರು ಬಾಯಿ ತೆರೆಯದ್ದಕ್ಕೆ ಈ ಏಟೂ ಒಂದು ಕಾರಣವೆಂದು ನಮ್ಮ ಅನಿಸಿಕೆ. ಪತ್ರಿಕೆಗಳ ಬಾಯಿ ಕಟ್ಟುವ 1910ರ ಪತ್ರಿಕಾ ಕಾಯಿದೆಯನ್ನು ಅವರು ವಿರೋಧಿಸಲಿಲ್ಲ. ಅದು ಅವರ ಲೆಕ್ಕದಲ್ಲಿ ಕಳೆಯುವ ಬಾಬ್ತು, ಬರೆಯಿರಿ. ಅದೇ ವರ್ಷದ ಫೆಬ್ರವರಿ 25ರಂದು ದಕ್ಷಿಣ ಆಫ್ರಿಕದ ನಟಾಲಿಗೆ ಕರಾರು ಕೂಲಿಗಳನ್ನು ಕಳಿಸುವುದನ್ನು ನಿಲ್ಲಿಸಬೇಕೆಂಬ ಅವರ ನಿರ್ಣಯವನ್ನು ಸರ್ಕಾರ ಒಪ್ಪಿತು, 1911ರ ಜುಲೈ 1ರಿಂದ ಅದು ನಿಂತಿತು. ಕೂಡುವ ಬಾಬ್ತು, ಅದನ್ನೂ ಬರೆಯಿರಿ. ನಿರ್ಣಯ ಮಂಡಿಸುವ ಅವಕಾಶವೇ 1909ರ ಶಾಸನಸಭಾ ಸುಧಾರಣೆಯಿಂದ ಬಂದದ್ದು. ಆ ಸುಧಾರಣೆಯನ್ನು, ಮುಸ್ಲಿಮರಿಗೆ ಕೊಟ್ಟ ‘ಪ್ರತ್ಯೇಕ ಮತಕ್ಷೇತ್ರ’ ಎಂಬ ಒಂದೇ ಪದದಲ್ಲಿ ಮುಗಿಸುವ ಅಭ್ಯಾಸವನ್ನೂ ಈ ನೆಪದಲ್ಲಿ ತಿದ್ದಬಹುದು.

ಆದ್ದರಿಂದ ತಮ್ಮಲ್ಲಿ ನಮ್ಮ ಕೋರಿಕೆಗಳು. ಹೊಸ ಅಧ್ಯಾಯ ಬೇಡ, ಪುಟದ ಲೆಕ್ಕ ನಮಗೂ ಗೊತ್ತು. ವ್ಯತ್ಯಾಸ ಬರೆಯಿರಿ ಎಂಬ ಕೋಷ್ಟಕ ತೆಗೆದರೆ ಸಿಗುವ ಅರ್ಧ ಪುಟದಲ್ಲಿ ಮಸೂದೆಯ ಐದಾರು ಕಲಮುಗಳನ್ನು ಸರಳ ಕನ್ನಡದಲ್ಲಿ ಕೊಡಿ. ಅಭ್ಯಾಸದ ಪ್ರಶ್ನೆಗಳಲ್ಲಿ ಉಪ್ಪಿನ ಲೆಕ್ಕವೊಂದಿರಲಿ. ಅದನ್ನು ಕೊಡುವಾಗ ಒಂದು ಎಚ್ಚರ: ಇಲ್ಲಿನ ಮಣ ಬ್ರಿಟಿಷ್ ಸರ್ಕಾರದ್ದು, ಈಗಿನ ಸುಮಾರು 37 ಕಿಲೋ. ಹಳೆ ಮೈಸೂರಿನ ಅಜ್ಜಿಯನ್ನು ಕೇಳಿದರೆ ಮಣವೆಂದರೆ ಹನ್ನೊಂದು ಕಿಲೋ ಆಸುಪಾಸು ಎನ್ನುತ್ತಾಳೆ, ಸೇರೆಂದರೆ ಅಕ್ಕಿ ಅಳೆಯುವ ಸೇರನ್ನು ತೋರಿಸುತ್ತಾಳೆ. ಲೆಕ್ಕ ಕೆಡುವುದು ಅಲ್ಲೇ. ಜೊತೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂಬ ಕೀಲಿಯನ್ನು ಚೌಕದಲ್ಲಿ ಕೊಡದಿದ್ದರೆ ಮಕ್ಕಳು ನೂರು ಪೈಸೆಯ ಲೆಕ್ಕಕ್ಕೆ ಇಳಿಯುತ್ತಾರೆ. ಕೋಟಿಗಳಿಂದ ಶುರುಮಾಡಬೇಡಿ, ಸೇರಿನಿಂದ ಶುರುಮಾಡಿ. ಮಿಗತೆಯ ಲೆಕ್ಕ ಆಮೇಲೆ ಬರಲಿ.

ಚಟುವಟಿಕೆ ಎಂಬ ಕಾಲಂನಲ್ಲಿ ‘ಚಿತ್ರ ಸಂಗ್ರಹಿಸಿ’ ಎನ್ನುವ ಬದಲು ಅಣಕು ಶಾಸನಸಭೆ ಮಾಡಿಸಿ. 13 ಮತ್ತು 38 ಕೂಡಿದರೆ 51. ನಮ್ಮ ಕೆಲವು ಪ್ರೌಢಶಾಲೆಗಳ ಒಂದು ಸೆಕ್ಷನ್ನಿನ ಸಂಖ್ಯೆ ಹತ್ತಿರ ಹತ್ತಿರ ಇಷ್ಟೇ. ನಲವತ್ತು ನಿಮಿಷದ ಒಂದು ಪೀರಿಯಡ್ಡಿನಲ್ಲಿ ಮಸೂದೆ ಓದಿಸಿ, ಇನ್ನೊಂದರಲ್ಲಿ ಚರ್ಚೆ, ಮತದಾನ. ಅಧಿಕಾರಿಗಳಾಗಿ ಕೂತ ಮಕ್ಕಳು ಎಷ್ಟೇ ಮನಸ್ಸು ಕರಗಿದರೂ ಸರ್ಕಾರ ಹೇಳಿದ ಕಡೆಗೇ ಕೈ ಎತ್ತಬೇಕು, ಇದು ಆಟದ ನಿಯಮ. ಅದು ಅನ್ಯಾಯವೆಂದು ಹಿಂದಿನ ಬೆಂಚಿನಿಂದ ಯಾರಾದರೂ ಕೂಗುವುದು ಖಂಡಿತ. ಮೇಷ್ಟ್ರು ಅಲ್ಲಿ ಸುಮ್ಮನಿದ್ದರೆ ಸಾಕು.

ಕನ್ನಡ ನಾಡಿನ ನಂಟನ್ನು ಬಲವಂತವಾಗಿ ತುರುಕುವ ಅಗತ್ಯವಿಲ್ಲ, ಇದ್ದದ್ದನ್ನು ಹೇಳಿದರಾಯಿತು. ಗೋಖಲೆ ತೀರಿಕೊಂಡದ್ದು 1915ರ ಫೆಬ್ರವರಿ 19ರಂದು. ಚಿತೆಯ ಬಳಿ ನಿಂತು ಭಾರತದ ವಜ್ರವೆಂದು ಕೊಂಡಾಡಿದವರು ಕೋಷ್ಟಕದ ಬಲಗಡೆಯ ತಿಲಕರು. ಮೂರು ತಿಂಗಳಾಗುವ ಮೊದಲೇ, ಮೇ ತಿಂಗಳಲ್ಲಿ, ಗೋಖಲೆಯವರನ್ನು ತಮ್ಮ ರಾಜಕೀಯ ಗುರು ಎಂದ ಗಾಂಧಿ ಬೆಂಗಳೂರಿಗೆ ಬಂದು ಅವರ ಭಾವಚಿತ್ರ ಅನಾವರಣ ಮಾಡಿದರು. ಮೂವತ್ತು ವರ್ಷದ ಮೇಲೆ, 1945ರಲ್ಲಿ, ಡಿ.ವಿ.ಜಿ. ಅದೇ ಊರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಕಗ್ಗದ ಕವಿ ಎಂದು ಮಕ್ಕಳಿಗೆ ಗೊತ್ತಿರುವ ಡಿ.ವಿ.ಜಿ., ಪುಣೆಯ ಒಬ್ಬ ಗಣಿತದ ಮೇಷ್ಟ್ರ ಹೆಸರನ್ನು ತಮ್ಮ ಸಂಸ್ಥೆಗೆ ಏಕಿಟ್ಟರು ಎಂಬುದು ಕನ್ನಡ ಪಾಠಕ್ಕೂ ಸಮಾಜ ಪಾಠಕ್ಕೂ ಸೇರುವ ಪ್ರಶ್ನೆ.

ಮುಂದಿನ ಪರಿಷ್ಕರಣೆಯ ಕರಡು ಸಿದ್ಧವಾದಾಗ ಅದನ್ನು ಸಾರ್ವಜನಿಕರ ಮುಂದಿಟ್ಟು, ಆಕ್ಷೇಪಣೆಗೆ ಕನಿಷ್ಠ ಒಂದು ತಿಂಗಳ ಅವಕಾಶ ಕೊಡಬೇಕೆಂದೂ ಕೇಳಿಕೊಳ್ಳುತ್ತೇವೆ. ಉಪ್ಪಿನ ಲೆಕ್ಕ, ಪೌಂಡಿನ ಲೆಕ್ಕ, ಮಸೂದೆಯ ಕಲಮುಗಳ ಸರಳ ಕನ್ನಡ ರೂಪ, ಅಣಕು ಸಭೆಯ ನಿಯಮಗಳು ಇವಿಷ್ಟನ್ನೂ ನಾಲ್ಕು ಪುಟಗಳಲ್ಲಿ ಬರೆದಿಟ್ಟಿದ್ದೇವೆ. ತಾವು ಕೇಳಿದರೆ ಕಳಿಸುತ್ತೇವೆ. ಹೆಸರು, ಗೌರವಧನ ಯಾವುದೂ ಬೇಡ. ತಪ್ಪಿದ್ದಲ್ಲಿ ತಿದ್ದಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿಗಳು,
ಸಮಾಜ ವಿಜ್ಞಾನ ಓದುವ, ಓದಿಸುವ ಕೆಲವರು